ನಳಿಕೆಯ ಮೇಲಿನ ಶೇಂಗಾ ಬೇಳೆ

ಕಾಕಾರ ಬಿಳಿ ಅಂಗಿಯ ಜೇಬಿನ ಕೆಳಗೆ ಅಂಗೈ ಅಗಲದ ಎಣ್ಣೆ ಕಲೆ ಇರುತ್ತಿತ್ತು. ಅಂಗಿ ಹೊಸದಾದರೂ ಕಲೆ ತಪ್ಪುತ್ತಿರಲಿಲ್ಲ. ಜೇಬಿನಲ್ಲಿ ಬೆರಳುದ್ದದ ಎಣ್ಣೆ ಶೀಸೆ, ಮಡಿಚಿಟ್ಟ ಮೆತ್ತನೆಯ ಅರಿವೆ. ಅದಕ್ಕೆ ಅವರು 'ಚಿಂದಿ' ಎನ್ನುತ್ತಿದ್ದರು. ಸೈನ್ಯದಲ್ಲಿ ಬಂದೂಕು ಒರೆಸುವ ಬಟ್ಟೆಗೆ ಅದೇ ಹೆಸರಂತೆ. ಮದುವೆ ಊಟಕ್ಕೆ ಹೋಗುವಾಗಲೂ ಅವೆರಡು ಜೇಬಿನಲ್ಲೇ ಎಂದು ಅವರ ಮನೆಯವರು ನನ್ನ ಮುಂದೆ ದೂರಿದ್ದುಂಟು.

ಊರೆಲ್ಲ ಅವರನ್ನು ಮಿಲ್ಟ್ರಿ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಸೈನ್ಯದಿಂದ ನಿವೃತ್ತರಾಗಿ ಬಂದು ಹನುಮಸಾಗರದ ಆಚೆ ಶೇಂಗಾ ಬೆಳೆಯುತ್ತಿದ್ದರು. ಕಾಡುಹಂದಿಗಳನ್ನು ಬೆದರಿಸಲೆಂದು ಲೈಸೆನ್ಸ್ ಮಾಡಿಸಿ, ಎಂದೋ ಒಂದು ಹಳೆಯ ರೈಫಲ್ ಕೊಂಡಿದ್ದರು. ಸೈನ್ಯ ತನಗೆ ಸಾಕೆಂದು ಕೈಬಿಟ್ಟದ್ದು, ಸಾಮಾನ್ಯ ಜನ ಇಟ್ಟುಕೊಳ್ಳಲು ಬರುವಂತೆ ನಳಿಕೆ ಬದಲಿಸಿದ್ದು. ವಯಸ್ಸಿನಲ್ಲಿ ಕಾಕಾರಿಗಿಂತ ಹಿರಿಯದು. ಹೊರಲಾರದಷ್ಟು ಭಾರ. ಹಿಂಬದಿಯ ಕಟ್ಟಿಗೆಯಲ್ಲಿ ಕೆನ್ನೆ ತಾಗುವ ಜಾಗ ಮಾತ್ರ ಸವೆದು, ಕಪ್ಪಾಗಿ ಮಿಂಚುತ್ತಿತ್ತು.

ನಾನು ಕಾನ್‌ಸ್ಟೇಬಲ್ ಆಗಿ ಕುಷ್ಟಗಿ ಕಡೆಯ ಒಂದು ಠಾಣೆಗೆ ಬಂದಾಗ ಚುನಾವಣೆ ಘೋಷಣೆಯಾಗಿತ್ತು. ಆಗ ಲೈಸೆನ್ಸ್ ಇದ್ದವರೆಲ್ಲ ಬಂದೂಕು ತಂದು ಠಾಣೆಯಲ್ಲಿಡಬೇಕು, ಚುನಾವಣೆ ಮುಗಿದ ಮೇಲೆ ಒಯ್ಯಬೇಕು. ರಸೀದಿ ಬರೆಯುವ ಕೆಲಸ ನನ್ನದು. ಉಳಿದವರು ಪೀಡೆ ತೊಲಗಿತೆಂಬಂತೆ ಮೂಲೆಗೆ ಒರಗಿಸಿ ಹೋದರು. ಕಾಕಾ ಮಾತ್ರ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಂದರು.

"ತಂಗಿ, ಗ್ವಾಡಿಗೆ ತಾಗಿಸಬ್ಯಾಡ. ಗ್ವಾಡಿ ಹಸಿ ಇರ್ತೈತಿ, ಕಬ್ಬಿಣಕ್ಕ ಜಂಗ್ ಹಿಡೀತೈತಿ. ನಾ ಗುರುವಾರಕ್ಕೊಮ್ಮಿ ಬಂದು ಎಣ್ಣಿ ಹಾಕಿ ಹೊಕ್ಕೀನಿ."

"ಹಂಗ ಮಾಡಾಕ ಬರೂದಿಲ್ರಿ ಕಾಕಾ. ರೂಲ್ಸ್ ಇಲ್ಲ."

"ರೂಲ್ಸ್ ನನಗೂ ಗೊತ್ತೈತಿ. ಜಂಗಿಗೆ ಗೊತ್ತಿಲ್ಲಲ್ಲ."

ಗುರುವಾರ ಬಂದೇಬಿಟ್ಟರು. ಠಾಣೆಯ ಸಾಹೇಬರು ಓದುತ್ತಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, "ಹಿತ್ತಲ ಅಂಗಳದಾಗ ಕುಂದರ್ರಿ, ಆಕಿ ಕಣ್ಮುಂದ" ಎಂದರು. ಕಾಕಾ ಒಳಗೆ ಗುಂಡಿಲ್ಲವೆಂದು ನನಗೂ ತೋರಿಸಿ, ನಳಿಕೆಯನ್ನು ಬರಿಯ ಗೋಡೆಯತ್ತ ತಿರುಗಿಸಿ ಕೂತರು. ಖಾಲಿ ಇದೆಯೆಂದು ಗೊತ್ತಿದ್ದರೂ ಅದರ ಬಾಯಿ ಜನರತ್ತ ತಿರುಗಬಾರದು ಎಂಬುದು ಅವರ ಹಟ. ಒರೆಸಿ ಮುಗಿಸಿ ಟ್ರಿಗರ್ ಎಳೆದರು. ಟಕ್ ಎಂದಿತು. ನನ್ನ ಕಣ್ಣು ಮುಚ್ಚಿತು.

"ಖಾಲಿ ಬಂದೂಕಿಗೇ ಕಣ್ಣು ಮುಚ್ಚಿದೆಲ್ಲ, ತಂಗಿ?"

ಯಾರಿಗೂ ಹೇಳದ ಸಂಕಟ ಆಗ ಹೊರಬಿತ್ತು. ಗುಂಡು ಹಾರಿಸುವ ಪರೀಕ್ಷೆಯಲ್ಲಿ ನಾನು ಎರಡು ಸಲ ನಪಾಸಾಗಿದ್ದೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವುದು, ಭುಜ ಹಿಂದೆ ಸರಿಯುವುದು, ಗುಂಡು ಮಣ್ಣು ಸೇರುವುದು. ಇನ್ನೊಮ್ಮೆ ಹೀಗಾದರೆ ರೈಟರ್ ಟೇಬಲ್ಲೇ ಗತಿ ಎಂದು ಹವಾಲ್ದಾರರು ಚುಚ್ಚಿದ್ದರು. ಪೆನ್ನು ಹಿಡಿಯಲೆಂದು ನಾನು ಪೊಲೀಸ್ ಆದವಳಲ್ಲ. ಹೇಳುತ್ತ ಅತ್ತೇಬಿಟ್ಟೆ.

ಮುಂದಿನ ಗುರುವಾರ ಅವರ ಇನ್ನೊಂದು ಜೇಬಿನಲ್ಲಿ ಶೇಂಗಾ ಇತ್ತು. ಒಂದು ಕಾಳನ್ನು ಎರಡು ಬೇಳೆ ಮಾಡಿ, ಒಂದನ್ನು ಖಾಲಿ ರೈಫಲ್ಲಿನ ನಳಿಕೆಯ ತುದಿಯಲ್ಲಿ ಬೋರಲು ಇಟ್ಟರು. ಬೇಳೆ ಬೀಳದಂತೆ ನಾನು ಟ್ರಿಗರ್ ಎಳೆಯಬೇಕು.

"ಬಿದ್ದಿದ್ದು ನನಗ, ನಿಂತಿದ್ದು ನಿನಗ" ಎಂದರು.

ಆ ದಿನ ಒಂದೂ ನಿಲ್ಲಲಿಲ್ಲ. ಕಾಕಾ ಒಂದೊಂದನ್ನೇ ಆರಿಸಿ, ಊದಿ, ಬಾಯಿಗೆ ಹಾಕಿಕೊಂಡು, "ಇವತ್ತ ನನಗ ಮನ್ಯಾಗ ಊಟ ಬ್ಯಾಡ" ಎಂದು ಎದ್ದರು. ನಾಲ್ಕನೆಯ ವಾರ ಒಂದು ಬೇಳೆ ನಿಂತಿತು. ಅಷ್ಟು ರುಚಿಯಾದ ಶೇಂಗಾ ನಾನು ಮತ್ತೆ ತಿಂದಿಲ್ಲ.

"ಸಪ್ಪಳ ಆಗೇ ಆಕ್ಕೈತಿ. ಅದರ ದಾರಿ ಕಾಯಬ್ಯಾಡ. ನೀ ಎಳಿಯೂದು ಎಳಿ, ಅದು ಬಂದಾಗ ಬರ್ಲಿ." ಇಷ್ಟೇ ಅವರ ಪಾಠ.

ಈ ಹಳೆಯ ಕಬ್ಬಿಣದಲ್ಲಿ ಅಂಥದ್ದೇನಿದೆ ಎಂದು ಒಮ್ಮೆ ಕೇಳಿದೆ. ಅವರು ಆ ಕಪ್ಪು ಜಾಗವನ್ನು ಹೆಬ್ಬೆರಳಿನಿಂದ ಸವರಿದರು. "ನನಗಿಂತ ಮದ್ಲ ಇಲ್ಲಿ ಎಷ್ಟು ಮಂದಿ ಗಲ್ಲ ಇಟ್ಟಾರೋ ಯಾರಿಗ್ಗೊತ್ತು. ಅಂಜಿಕಿ ಆಗಿರ್ತೈತಿ, ಮನಿ ನೆನಪಾಗಿರ್ತೈತಿ. ಅವರೆಲ್ಲಾ ಹೋಗ್ಯಾರ, ಇದು ಉಳದೈತಿ. ಜಂಗಿಗೆ ಬಿಡಾಕ ಆಕ್ಕೈತೇನು?"

ಮುಂದಿನ ಪರೀಕ್ಷೆಯಲ್ಲಿ, ಕೊಪ್ಪಳದ ಮೈದಾನದಲ್ಲಿ, ನನ್ನ ಹತ್ತಕ್ಕೆ ಎಂಟು ಗುಂಡು ಗುರಿ ಸೇರಿದವು. ಪೇಡೆ ಒಯ್ದು ಕೊಟ್ಟರೆ ಕಾಕಾ, "ಎರಡು ಎಲ್ಲಿ ಹೋದುವು?" ಎಂದರು. ಚುನಾವಣೆ ಮುಗಿದು ರೈಫಲ್ ಆಗಲೇ ಅವರ ಮನೆಗೆ ಬಂದಿತ್ತು. ಹೊಲದ ಬದುವಿನ ದೊಡ್ಡ ಮಣ್ಣಿನ ದಿಬ್ಬಕ್ಕೆ ಒಂದು ತಗಡಿನ ಡಬ್ಬಿ ಒರಗಿಸಿಟ್ಟು, ನನ್ನೆದುರು ಒಂದೇ ಒಂದು ಗುಂಡು ಹಾರಿಸಿದರು. ಡಬ್ಬಿ ಹಾರಿತು. ಅವರು ಅದನ್ನು ನೋಡಲೂ ಇಲ್ಲ, ಮದ್ದಿನ ವಾಸನೆಯನ್ನು ಎಳೆದುಕೊಳ್ಳುತ್ತ ಕಣ್ಣರಳಿಸಿ ನಿಂತಿದ್ದರು. ಆ ಗಳಿಗೆಯಲ್ಲಿ ಅವರಿಗೆ ಇಪ್ಪತ್ತೇ ವಯಸ್ಸು.

ಮುಂದಿನ ಚುನಾವಣೆಗೆ ರೈಫಲ್ ಮತ್ತೆ ಠಾಣೆಗೆ ಬಂತು. ಕಾಕಾರಿಗೆ ಕಣ್ಣಿನ ಆಪರೇಷನ್. "ಗುರುವಾರ ಮರೀಬ್ಯಾಡ ಯವ್ವಾ" ಎಂದು ಶೀಸೆಯನ್ನೂ ಚಿಂದಿಯನ್ನೂ ನನ್ನ ಕೈಯಲ್ಲಿಟ್ಟು ಹೋದರು. ನನ್ನನ್ನು ಗಂಗಾವತಿಗೆ ಬಂದೋಬಸ್ತಿಗೆ ಹಾಕಿದರು. ಬೇರೆ ಯಾರಿಗಾದರೂ ಹೇಳಿ ಹೋಗಬಹುದಿತ್ತು, ಹೇಳಲಿಲ್ಲ. ಮೂರು ಗುರುವಾರ ಕಳೆದು ಬಂದು ನೋಡಿದರೆ ನಳಿಕೆಯ ಮೇಲೆ ಎಳ್ಳಿನಷ್ಟು ಕೆಂಪು. ಗಾಬರಿಯಾಗಿ ಉಸುಕಿನ ಕಾಗದದಿಂದ ತಿಕ್ಕಿದೆ. ಜಂಗು ಹೋಯಿತು, ಜೊತೆಗೆ ಆ ಹಳೆಯ ಕಪ್ಪು ಬಣ್ಣವೂ ಹೋಗಿ ಬೆರಳಗಲದ ಬಿಳಿ ಮಚ್ಚೆ ಉಳಿಯಿತು. ಎಣ್ಣೆ ಬಳಿದು ಮುಚ್ಚಿದೆ. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಲ್ಲ ಎಂಬ ಕೆಟ್ಟ ಧೈರ್ಯವೂ ಇತ್ತು.

ಕಾಕಾ ಬಂದವರೇ ನಳಿಕೆಯುದ್ದಕ್ಕೂ ಹೆಬ್ಬೆರಳು ಆಡಿಸಿದರು. ಅಲ್ಲಿಗೆ ಬಂದು ಬೆರಳು ನಿಂತಿತು.

"ಜಂಗ್ ಬಂದಿತ್ತಂದ್ರ ಹೇಳಬೇಕಿತ್ತು, ತಂಗಿ. ಮುಚ್ಚಬಾರದಿತ್ತು."

ಶೀಸೆ, ಚಿಂದಿಯನ್ನು ಮತ್ತೆ ತಮ್ಮ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ಇಂದಿನವರೆಗೆ ಠಾಣೆಯಲ್ಲಿ ನನ್ನ ಕೈಯಿಂದಾದ ಒಂದು ತಪ್ಪನ್ನೂ ನಾನು ಮುಚ್ಚಿಟ್ಟಿಲ್ಲ. ಅದಕ್ಕಾಗಿ ಎರಡು ಸಲ ನೋಟೀಸೂ ಸಿಕ್ಕಿದೆ.

ಈಚಿನ ಚುನಾವಣೆಗೆ ಅವರು ರೈಫಲ್ ತಂದಾಗ ಹೆಜ್ಜೆ ತಡವರಿಸುತ್ತಿತ್ತು. ಮೂರು ಗುರುವಾರ ಬಂದರು. ನಾಲ್ಕನೆಯದಕ್ಕೆ ಬರಲಿಲ್ಲ, ಹಿಂದಿನ ದಿನ ಮಣ್ಣಾಗಿದ್ದರು. ಚುನಾವಣೆ ಮುಗಿದ ಮೇಲೆ ಅವರ ಮಗಳು ರಸೀದಿ ಹಿಡಿದು ಬಂದಳು.

"ಲೈಸೆನ್ಸ್ ನಮ್ಮ ಹೆಸರಿಗೆ ಮಾಡಸೂದಿಲ್ರೀ ಅಕ್ಕಾರ. ಸರಕಾರಕ್ಕ ಒಪ್ಪಿಸಿಬಿಡ್ತೀವಿ. ಇವು ಮಾತ್ರ ನಿಮಗ" ಎಂದು ಶೀಸೆ, ಚಿಂದಿ ಮೇಜಿನ ಮೇಲಿಟ್ಟಳು. ಅವಳದೇನೂ ತಪ್ಪಿಲ್ಲ. ರಸೀದಿಯ ಮೇಲೆ ಅವಳ ಸಹಿ ಹಾಕಿಸಿಕೊಂಡೆ.

ಒಪ್ಪಿಸಿದ ಬಂದೂಕುಗಳು ಕೊಪ್ಪಳಕ್ಕೆ ಹೋಗಿ ತುಂಡಾಗುತ್ತವೆ. ಜೀಪು ಬರುವ ದಿನ ಬೆಳಿಗ್ಗೆ ನಾನು ಹಿತ್ತಲ ಅಂಗಳದಲ್ಲಿ ಅದನ್ನು ಒರೆಸುತ್ತ ಕೂತಿದ್ದೆ.

"ಮುರಿಯಾಕ ಹೊಂಟಿದ್ದಕ್ಕ ಎಣ್ಣಿ ಯಾಕ್ರಿ ಮೇಡಂ?" ಎಂದು ಹೊಸ ಕಾನ್‌ಸ್ಟೇಬಲ್ ನಕ್ಕ.

"ಇವತ್ತ ಗುರುವಾರ" ಎಂದೆ.

ಅವನು ಒಳಗೆ ಹೋದ ಮೇಲೆ, ಖಾಲಿ ಇದೆಯೆಂದು ನೋಡಿ, ಗೋಡೆಯತ್ತ ತಿರುಗಿಸಿ, ನಳಿಕೆಯ ತುದಿಯಲ್ಲಿ, ಆ ಬಿಳಿ ಮಚ್ಚೆಯ ಮುಂದೆ ಒಂದು ಶೇಂಗಾ ಬೇಳೆ ಇಟ್ಟೆ. ಕಪ್ಪು ಜಾಗಕ್ಕೆ ಕೆನ್ನೆ ಹಚ್ಚಿ ಟ್ರಿಗರ್ ಎಳೆದೆ. ಕಣ್ಣು ತುಂಬಿತ್ತು, ಮುಚ್ಚಲಿಲ್ಲ. ಬೇಳೆಯೂ ಬೀಳಲಿಲ್ಲ.

ನಿಂತದ್ದು ನನ್ನದಾಗಬೇಕಿತ್ತು. ತಿನ್ನಲಾಗಲಿಲ್ಲ. ರೈಫಲ್ಲನ್ನು ಸೀರೆಯ ತುಂಡಿನಲ್ಲಿ ಸುತ್ತುವಾಗ ಆ ಬೇಳೆಯನ್ನೂ ಮಡಿಕೆಯೊಳಗೆ ಇಟ್ಟು ಕಳಿಸಿದೆ.