ಹಿಡಿಯುವ ಮುಂಚೆ ಕೇಳಿ

ನಾನು ಪೊಲೀಸರ ತರಬೇತಿಗೆ ಹೋಗಲು ಒಪ್ಪಿದ್ದು ಸಮಾಜಸೇವೆಯ ಹುಚ್ಚಿನಿಂದಲ್ಲ. ಅರ್ಧ ಹರಿದ ಒಂದು ಕಿವಿಯನ್ನು ಹುಡುಕುವುದಕ್ಕೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಡೆಟ್ರಾಯಿಟ್‌ನ ಹೊರವಲಯದಲ್ಲಿ. ನನ್ನ ಗಂಡ ಕಾರು ತಯಾರಿಸುವ ಕಂಪನಿಯೊಂದರಲ್ಲಿ ಡ್ರಾಯಿಂಗ್ ಬೋರ್ಡಿನ ಮೇಲೆ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದರು. ಒಂದು ಜನವರಿ ಸಂಜೆ ಸ್ನೇಹಿತರ ಮನೆಯಿಂದ ಬರುತ್ತಿದ್ದಾಗ, ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸಿನವನೊಬ್ಬ ನಮ್ಮ ಕಾರು ನಿಲ್ಲಿಸಿದ. ಅಧಿಕಾರಿ ನಿಂತಿರುವಾಗ ತಾವು ಕೂತಿರಬಾರದು ಅನ್ನುವುದು ಮೈಸೂರಿನಲ್ಲಿ ಇವರು ಕಲಿತ ಮರ್ಯಾದೆ. ಬಾಗಿಲು ತೆಗೆದು ಇಳಿದೇಬಿಟ್ಟರು. ಮಂಜುಗಡ್ಡೆಯ ಮೇಲೆ ಜಾರಿ ಅವನ ಬೂಟನ್ನು ತುಳಿದರು. ನಮ್ಮವರು ಯಾರಾದರೂ ಆಗ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಥಟ್ಟನೆ ಬಗ್ಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಲಗೈ ಚಾಚಿದರು. ಅವನ ಪಿಸ್ತೂಲು ಇದ್ದದ್ದು ಅದೇ ಬದಿಗೆ.

ಅವನು ಆ ಕೈಯನ್ನು ಹಿಡಿದು ತಿರುಚಿದ. ಕಾರಿನೊಳಗೆ ಕೂತಿದ್ದ ನನಗೂ ಮಣಿಕಟ್ಟು ಮುರಿದ ಸದ್ದು ಕೇಳಿಸಿತು. ಹೆಡ್‌ಲೈಟಿನ ಬೆಳಕಿನಲ್ಲಿ ನಾನು ಕಂಡದ್ದು ಅವನ ಎಡಕಿವಿ. ಕೆಳಗಿನ ಅರ್ಧ ಇರಲೇ ಇಲ್ಲ.

ದೂರು ಬರೆದೆವು. ಅವನು ನಿಯಮದಂತೆಯೇ ನಡೆದುಕೊಂಡಿದ್ದಾನೆ ಎಂದು ನಾಲ್ಕು ಸಾಲಿನ ಉತ್ತರ ಬಂತು. ಇವರ ಮಣಿಕಟ್ಟು ಮತ್ತೆ ಪೂರ್ತಿ ತಿರುಗಲಿಲ್ಲ. ಡ್ರಾಯಿಂಗ್ ಬೋರ್ಡಿನಿಂದ ಎಬ್ಬಿಸಿ ಅವರನ್ನು ಸ್ಟೋರ್ಸಿನಲ್ಲಿ ಕೂರಿಸಿದರು. "ಹೋಗ್ಲಿ ಬಿಡೇ, ಅವನಿಗೇನು ಗೊತ್ತಿತ್ತು" ಅನ್ನುತ್ತಿದ್ದರು. ನಾನು ಬಿಡಲಿಲ್ಲ. ಅನ್ನ ಬಸಿಯುವಾಗಲೂ ಆ ಕಿವಿಯನ್ನು ನೆನೆದು ಹಲ್ಲು ಕಡಿಯುತ್ತಿದ್ದೆ.

ಎರಡು ವರ್ಷದ ನಂತರ ಲೈಬ್ರರಿಯಲ್ಲಿ ಒಂದು ಚೀಟಿ ಕಂಡೆ. ವಿಯೆಟ್ನಾಂ ಯುದ್ಧ ಮುಗಿಸಿ ಬಂದು ಪೊಲೀಸ್ ಕೆಲಸಕ್ಕೆ ಸೇರಿದವರಿಗೆ ಶನಿವಾರಗಳಂದು ಮಾನವ ಹಕ್ಕುಗಳ ಬಗ್ಗೆ, ಜಗಳ ಬಿಡಿಸುವುದರ ಬಗ್ಗೆ ತರಬೇತಿ. ಹೊಸಬರಷ್ಟೇ ಅಲ್ಲ, ಮೊದಲೇ ಸೇರಿದವರೂ ಸರದಿಯಂತೆ ಬರಬೇಕು. ಅದರಲ್ಲಿ ಸಾರ್ವಜನಿಕರ ಪಾತ್ರ ಮಾಡಲು ಜನ ಬೇಕು. ಆ ಕಿವಿ ಹರಿದದ್ದು ಯುದ್ಧದಲ್ಲೇ ಇರಬೇಕು ಅನ್ನಿಸಿ, ಅಲ್ಲೇ ನಿಂತು ಹೆಸರು ಬರೆದುಕೊಟ್ಟೆ.

ಪಾಠ ಮಾಡುತ್ತಿದ್ದವರು ನಿವೃತ್ತ ಪ್ರೊಫೆಸರ್ ಒಬ್ಬರು, ಬಿಳಿಗೂದಲ ಹೆಂಗಸು. ಪ್ರತಿ ವಾರ ಬೋರ್ಡಿನ ಮೇಲೆ ಒಂದೇ ಮಾತು ಬರೆಯುತ್ತಿದ್ದರು: ಹಿಡಿಯುವ ಮುಂಚೆ ಕೇಳಿ. ನಾನು ಕಳ್ಳಿಯಾದೆ, ಗಂಡನಿಂದ ಏಟು ತಿಂದವಳಾದೆ, ಇಂಗ್ಲಿಷ್ ಬಾರದ ಮುದುಕಿಯಾದೆ. ದಿನದ ಕೊನೆಗೆ ಒಬ್ಬೊಬ್ಬ ಪೊಲೀಸಿನವನ ಬಗ್ಗೆಯೂ ನಾವು ಒಂದು ಫಾರಂ ತುಂಬಬೇಕು. ಅದರಲ್ಲಿ ಒಂದೇ ಪ್ರಶ್ನೆ: ನೀವು ಸಹಾಯಕ್ಕೆ ಕರೆದಾಗ ಈ ಮನುಷ್ಯ ನಿಮ್ಮ ಮನೆಗೆ ಬರುವುದು ನಿಮಗೆ ಒಪ್ಪಿಗೆಯೇ? ಒಬ್ಬರು ಇಲ್ಲ ಎಂದರೂ ಅವನನ್ನು ಆರು ತಿಂಗಳು ಬೀದಿಗೆ ಕಳಿಸುವಂತಿಲ್ಲ. ಕಚೇರಿಯಲ್ಲಿ ಕಡತ ಜೋಡಿಸುತ್ತಾ ಕೂರಬೇಕು.

ಐದನೇ ಶನಿವಾರ ಆ ಕಿವಿ ಬಂತು.

ಅವನು ನನ್ನ ಗುರುತು ಹಿಡಿಯಲಿಲ್ಲ. ಆ ದಿನದ ಆಟವನ್ನು ನಾನೇ ಕೇಳಿ ಪಡೆದೆ: ಕಾರು ನಿಲ್ಲಿಸುವುದು. ಕುರ್ಚಿಯೇ ಕಾರು. ಅವನು ಹತ್ತಿರ ಬಂದ ತಕ್ಷಣ ಎದ್ದು, ಬೇಕೆಂದೇ ಅವನ ಬೂಟನ್ನು ಹಿಮ್ಮಡಿಯಿಂದ ತುಳಿದೆ. ಬಗ್ಗಿ, ಖಾಲಿ ಪಿಸ್ತೂಲು ಚೀಲದ ಕಡೆಗೆ ಬಲಗೈ ಚಾಚಿದೆ. ಅವನ ಭುಜ ಬಿಗಿಯಿತು, ಕೈ ಮೇಲೆದ್ದಿತು. ತಿರುಚು, ಮುರಿ, ಎಲ್ಲರೂ ನೋಡಲಿ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಕೈ ಮುರಿಸಿಕೊಳ್ಳಲು ನಾನು ತಯಾರಾಗಿಯೇ ಹೋಗಿದ್ದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಅಂಗೈ ತೆರೆದು ತೋರಿಸಿದ. ನೀವು ಏನು ಮಾಡುತ್ತಿದ್ದೀರಿ ಎಂದು ಹೇಳುತ್ತೀರಾ ಮೇಡಂ, ಎಂದು ಮೆತ್ತಗೆ ಕೇಳಿದ.

ಮೈಯೆಲ್ಲ ಉರಿದುಹೋಯಿತು. ಆ ಒಂದು ಹೆಜ್ಜೆಯನ್ನು ಅವತ್ತೇ ಹಿಂದಿಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವುದು ನಮ್ಮ ಪದ್ಧತಿ ಎಂದು ಹೇಳಿದೆ. ಕ್ಲಾಸಿನವರು ಚಪ್ಪಾಳೆ ತಟ್ಟಿದರು. ಅವನು ತಟ್ಟಲಿಲ್ಲ. ಗುರುತಿಲ್ಲದವರ ಕಾಲಾದರೂ ಮುಟ್ಟುತ್ತೀರಾ ಎಂದು ಕೇಳಿದ.

"ಪೊಲೀಸರ ಕಾಲಾದರೂ" ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಹೋಗಿ ಹಿಂದಿನ ಸಾಲಿನಲ್ಲಿ ಕೂತು, ತನ್ನದೇ ಮಣಿಕಟ್ಟನ್ನು ನೀವಿಕೊಳ್ಳುತ್ತಿದ್ದ. ಅವನಿಗೆ ಅರ್ಥವಾಗಿತ್ತು. ಅವನಿಗೆ ಅರ್ಥವಾದದ್ದು ನನಗೂ ಗೊತ್ತಾಗಿತ್ತು.

ಫಾರಂ ತೆಗೆದುಕೊಂಡು ಇಲ್ಲ ಎಂದು ಬರೆದೆ. ಕಾರಣದ ಜಾಗ ಖಾಲಿ ಬಿಟ್ಟೆ. ಪ್ರೊಫೆಸರ್ ಕನ್ನಡಕ ತೆಗೆದು, ಇವತ್ತು ಎಲ್ಲರಿಗಿಂತ ಚೆನ್ನಾಗಿ ಮಾಡಿದವನು ಅವನೇ ಅಲ್ಲವೇ ಎಂದರು. ಹೌದು ಎಂದೆ. ಫಾರಂ ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಮನೆಯವರೆಗಿನ ಹನ್ನೆರಡು ಮೈಲಿಯನ್ನೂ ಖುಷಿಯಲ್ಲಿ ಡ್ರೈವ್ ಮಾಡಿದೆ, ಸುಳ್ಳೇಕೆ ಹೇಳಲಿ.

ಇವರು ಯಾರದೋ ಮನೆಯ ಭಜನೆಗೆ ಹೊರಡಲು ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಬಲಗೈ ತಿರುಗದ್ದರಿಂದ ಎಡತೋಳಿನ ತುದಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಎಂದಿನಂತೆ ಕೈ ನನ್ನ ಮುಂದೆ ಚಾಚಿದರು.

"ಹೆಂಗಿತ್ತೇ ಇವತ್ತಿನ ಕ್ಲಾಸು?"

"ಒಬ್ಬ ಫೇಲಾದ ಕಣ್ರೀ."

"ಅಯ್ಯೋ ಪಾಪ" ಎಂದರು. "ಏನ್ ತಪ್ಪು ಮಾಡ್ದ?"

ಗುಂಡಿ ಕಾಜದೊಳಗೆ ಹೋಗಲು ಬಹಳ ಹೊತ್ತು ಹಿಡಿಯಿತು.