ಕಟ್ಟೆಯ ಮೇಲಿನ ಹಸಿರು ಚುಕ್ಕೆ

'ಬಂದ್ಯಾ?'

ಇಂಥ ಮೆಸೇಜ್ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಗಂಡನಿಂದಲೋ, ಗೆಳತಿಯಿಂದಲೋ. ಅದರಲ್ಲಿ ಹೆದರುವಂಥದ್ದೇನಿದೆ? ನಾನು ಮಾತ್ರ ಮೊನ್ನೆ ಸಂಜೆ ಅದನ್ನು ನೋಡಿ ನಡುಗಿಬಿಟ್ಟೆ.

ಶ್ರೀಮಂಗಲದಿಂದ ಒಳಗಿರುವ ನಮ್ಮೂರಲ್ಲಿ ರೇಂಜ್ ಸಿಗುವುದು ಒಂದೇ ಕಡೆ. ರಸ್ತೆ ತಿರುವಿನ ಹಲಸಿನ ಮರದ ಕಟ್ಟೆ. (ಟವರ್ ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ಕೇಳಿದ್ದೇವೆ, ಬಿಡಿ.) ಮಕ್ಕಳೆಲ್ಲ ತೋಟದ ದಾರಿ ಹಿಡಿದು ಅಲ್ಲಿಗೇ ಹೋಗುತ್ತಾರೆ. ರಿಪ್ಲೈ ತಡವಾಗಿದ್ದಕ್ಕೆ ಎಲ್ಲರದ್ದೂ ಒಂದೇ ಕಾರಣ: ಮನೇಲಿ ರೇಂಜ್ ಇಲ್ಲ, ಕಟ್ಟೆಗೆ ಬಂದಾಗ ಮಾತ್ರ ನೋಡೋದು.

ಪಕ್ಕದ ಮನೆಯ ದೀಕ್ಷಾ ಕೂಡ ಹಾಗೇ ಹೇಳಿದ್ದಳು, ಯಾವುದೋ ಆ್ಯಪ್‌ನಲ್ಲಿ ಪರಿಚಯವಾದ ಗೆಳತಿಗೆ. ದೀಕ್ಷಾ ಪಿಯುಸಿ ಹುಡುಗಿ. ಅಮ್ಮ ತೀರಿಕೊಂಡ ಮೇಲೆ ಅಜ್ಜಿಯ ಜೊತೆ ಇದ್ದಾಳೆ. ಆ ಗೆಳತಿಗೂ ಅಮ್ಮ ಇಲ್ಲವಂತೆ. ಊಟ ಆಯ್ತಾ, ನಿದ್ದೆ ಬಂತಾ ಎಂದು ದಿನವೂ ವಿಚಾರಿಸುತ್ತಿದ್ದಳಂತೆ. ಪಾಪದ ಹುಡುಗಿ, ಕರಗದೆ ಇರುತ್ತಾಳಾ?

ಆಮೇಲೊಂದು ದಿನ ಆ 'ಗೆಳತಿ'ಯಿಂದ ವಾಯ್ಸ್ ಮೆಸೇಜ್ ಬಂತು. ಗಂಡಸಿನ ದನಿ.

ಮೊನ್ನೆ ದೀಕ್ಷಾ ನಮ್ಮ ಜಗಲಿಗೆ ಬಂದು ಮೊಬೈಲ್ ಮುಂದೆ ಹಿಡಿದಳು. ಅದರಲ್ಲಿ ಹೀಗಿತ್ತು: 'ನಿನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂದ್ರೆ ನೀನು ಕಟ್ಟೆ ಮೇಲೆ. ಹೋದ್ರೆ ತೋಟದ ದಾರೀಲಿ, ಒಬ್ಳೇ. ನಂಗೆಲ್ಲ ಗೊತ್ತುಂಟು.'

ನಾವು ಆನ್‌ಲೈನ್ ಇದ್ದೇವೆಂದು ಆ್ಯಪ್ ತೋರಿಸುವ ಚುಕ್ಕೆ ಅದು. ಅವಳು ವಿಳಾಸ ಕೊಟ್ಟಿಲ್ಲ, ಲೊಕೇಶನ್ ಕಳಿಸಿಲ್ಲ. ಕಟ್ಟೆಯ ಫೋಟೋ ಒಮ್ಮೆ ಸ್ಟೋರಿಗೆ ಹಾಕಿದ್ದಳು, ಅಷ್ಟೇ.

ನನಗೆ ಎಲ್ಲಿಲ್ಲದ ಸಿಟ್ಟು. ಫೋನ್ ಕೊಡು ಇಲ್ಲಿ, ಇನ್ನು ಇದರ ಸಹವಾಸವೇ ಬೇಡ ಎಂದು ಕೈ ಚಾಚಿದೆ.

ದೀಕ್ಷಾ ಹಿಂದೆ ಸರಿದಳು. "ಅವನೂ ಹೀಗೇ ಹೇಳಿದ್ದ ಆಂಟಿ. ದೊಡ್ಡವರಿಗೆ ಹೇಳಿದ್ರೆ ಮೊದ್ಲು ಫೋನ್ ಕಿತ್ಕೊಳ್ತಾರೆ ಅಂತ."

ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೆಲ್ಲಗೆ ಅವಳ ಹೆಗಲ ಮೇಲಿಟ್ಟೆ.

ಬ್ಲಾಕ್ ಮಾಡುವುದಕ್ಕೂ ರೇಂಜ್ ಬೇಕಲ್ಲ? ಇಬ್ಬರೂ ಕಟ್ಟೆಗೆ ಹೊರಟೆವು. ಮಂಜು ಇಳಿದಿತ್ತು. ದಿನಾ ಓಡಾಡುವ ದಾರಿಯೇ. ಆದರೆ ಅವತ್ತು ಒಂದು ಕಾಫಿ ಗಿಡ ಅಲುಗಿದರೂ ನಿಂತು ನೋಡುತ್ತಿದ್ದೆವು. ಕಟ್ಟೆ ಹತ್ತಿದೆವು. ಒಂದು ಪಾಯಿಂಟ್ ರೇಂಜ್ ಬಂತು. ಮರುಕ್ಷಣವೇ ಮೊಬೈಲ್ ಸದ್ದು ಮಾಡಿತು.

'ಬಂದ್ಯಾ?'

ಸುತ್ತ ಯಾರೂ ಇರಲಿಲ್ಲ. ಅವನು ಅಲ್ಲಿ ಇರಬೇಕಾಗಿಯೂ ಇರಲಿಲ್ಲ, ಆ ಚುಕ್ಕೆಯೇ ಸಾಕಿತ್ತು. ದೀಕ್ಷಾ ನನ್ನ ಸೆರಗು ಹಿಡಿದುಕೊಂಡಳು, ಚಿಕ್ಕ ಮಗುವಿನ ಹಾಗೆ.

ಸ್ಕ್ರೀನ್‌ಶಾಟ್ ತೆಗೆದು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿದೆವು. ಹಸಿರು ಚುಕ್ಕೆ ಕಾಣದಂತೆ ಸೆಟ್ಟಿಂಗ್ಸ್ ಬದಲಾಯಿಸಿದೆವು. (ಅದು ಎಲ್ಲಿದೆ ಎಂದು ತೋರಿಸಿದ್ದು ಅವಳೇ.) ಮರುದಿನ ಎಲ್ಲವನ್ನೂ ಪೊಲೀಸರಿಗೆ ಕೊಟ್ಟೆವು. ಫೋನ್ ದೀಕ್ಷಾಳ ಬಳಿಯೇ ಇದೆ. ಸಂಜೆ ಕಟ್ಟೆಗೆ ಈಗ ನಾನೂ ಜೊತೆಗೆ ಹೋಗುತ್ತೇನೆ.

ಆದರೂ ಭಯ ಹೋಗಿಲ್ಲ. ಕಟ್ಟೆಯ, ತೋಟದ ದಾರಿಯ ವಿಷಯ ಅವನಿಗೆ ದೀಕ್ಷಾ ಹೇಳಿದ್ದಳು, ಸರಿ. 'ಫೋನ್ ಕೊಡು ಇಲ್ಲಿ' ಎಂದು ನನ್ನ ಬಾಯಿಂದ ಬರುವ ಮಾತು ಅವನಿಗೆ ಮೊದಲೇ ಗೊತ್ತಿದ್ದದ್ದು ಹೇಗೆ?