ಬಾಗಿಲಲ್ಲಿ ನಿಂತ ಪಾತ್ರ

ಐವತ್ತು ದಾಟಿದ ಮೇಲೆ ನಾನೊಂದು ಚಟಕ್ಕೆ ಬಿದ್ದಿದ್ದೇನೆ. ಇಸ್ಪೀಟಲ್ಲ, ನಶ್ಯವೂ ಅಲ್ಲ. ಭಾನುವಾರ ಊಟ ಮುಗಿಸಿ, ಚಿಂತಾಮಣಿಯಿಂದ ದಿಬ್ಬೂರಹಳ್ಳಿಗೆ ಬಸ್ಸು ಹತ್ತಿ ಹೋಗಿ, ಸಂಜೆಯವರೆಗೆ ನಾನಲ್ಲದ ಇನ್ನೊಬ್ಬನಾಗಿ ಕೂತು ಬರುತ್ತೇನೆ. ನನ್ನ ಹೆಂಡತಿ ಇದನ್ನು ‘ಸುಳ್ಳಿನ ಸಂಘ’ ಎನ್ನುತ್ತಾಳೆ. ಇಡೀ ವಾರ ಅಂಚೆ ಕಚೇರಿಯಲ್ಲಿ ಕೂತು ಊರವರ ನಿಜಕ್ಕೆ ಮುದ್ರೆ ಒತ್ತುವವನಿಗೆ ಅಷ್ಟಾದರೂ ಸುಳ್ಳು ಬೇಡವೆ?

ಆಟ ಸರಳ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ದಾಳ ಉರುಳಿಸಿ ಗೆದ್ದೆವೋ ಸೋತೆವೋ ನೋಡುತ್ತೇವೆ. ನಡೆಸುವವಳು ಸುಷ್ಮಾ, ದಿಬ್ಬೂರಹಳ್ಳಿಯ ರೇಷ್ಮೆ ಬೆಳೆಗಾರ ನಾರಾಯಣಪ್ಪನವರ ಮಗಳು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಆಟವೂ ಅವರ ಮನೆಯಲ್ಲೇ. ಆಡುವವರು ಮೂವರು: ಶಿಡ್ಲಘಟ್ಟದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಸ್ರೀನ್, ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ವೆಂಕಟೇಶ, ಮತ್ತು ನಾನು.

ಪಾತ್ರವೆಂದ ಮೇಲೆ ಅದಕ್ಕೊಂದು ಪೂರ್ವಕಥೆ ಬೇಕು. ನನ್ನ ಮೊದಲ ಪಾತ್ರಕ್ಕೆ ನಾನು ಹನ್ನೊಂದು ಪುಟ ಬರೆದೆ. ಅಪ್ಪ, ಅಮ್ಮ, ಗುರು, ಸಾಕುನಾಯಿ ಎಲ್ಲರನ್ನೂ ಕೊಂದು ಅವನನ್ನು ಅನಾಥನನ್ನಾಗಿ ಮಾಡಿದ್ದೆ. ಗದ್ಗದಿತನಾಗಿ ಓದುತ್ತಿದ್ದರೆ ವೆಂಕಟೇಶ ಆಕಳಿಸಿದ. ಆಟ ಶುರುವಾದ ಕಾಲು ಗಂಟೆಗೆ ನನ್ನ ವೀರ ಪಾಳುಬಾವಿಗೆ ಬಿದ್ದ. ಮೇಲೆತ್ತಲು ಯಾರಿಗೂ ಕಾರಣವೇ ಇರಲಿಲ್ಲ. “ಹಿಂದೆ ಮುಂದೆ ಯಾರೂ ಇಲ್ದೋನು, ಹೋದ್ರೆ ಹೋದ ಬಿಡಿ ಸಾರ್” ಎಂದಳು ನಸ್ರೀನ್. ಅವಳಿಗೆ ಆವತ್ತು ಅಂಗಡಿಗೆ ಬೇಗ ಹೋಗಬೇಕಿತ್ತು.

ಆಮೇಲೆ ಯೋಚಿಸಿದೆ. ನಮ್ಮ ಕಡೆಯ ಬಸ್ಸಿನಲ್ಲಿ ಪಕ್ಕ ಕೂತವರು ಏನು ಕೇಳುತ್ತಾರೆ? “ಯಾವೂರಾಯ್ತು? ಯಾರ ಪೈಕಿ?” ಕನ್ನಡದಲ್ಲಿ ಶುರುವಾದ ವಿಚಾರಣೆ ತೆಲುಗಿಗೆ ಜಾರುವಷ್ಟರಲ್ಲಿ, ಅವರ ಸೋದರತ್ತೆಯನ್ನು ನಮ್ಮ ಮಂಡಿಕಲ್ಲಿನ ದೊಡ್ಡಪ್ಪನ ಮನೆ ಪಕ್ಕಕ್ಕೇ ಕೊಟ್ಟಿದ್ದಾರೆಂದು ಹೊರಬಿದ್ದಿರುತ್ತದೆ. ಪುರಾಣ ಬರೆದವರಿಗೂ ಈ ಗುಟ್ಟು ಗೊತ್ತಿತ್ತು. ಒಬ್ಬ ರಾಕ್ಷಸನನ್ನು ಕೊಲ್ಲಬೇಕಾದರೂ ಹಿಂದಿನ ಜನ್ಮದ ಶಾಪವೊಂದನ್ನು ತಂದು, ಕೊಲ್ಲುವವನಿಗೂ ಸಾಯುವವನಿಗೂ ಸಂಬಂಧ ಹಚ್ಚಿಯೇ ಮುಂದಕ್ಕೆ ಹೋಗುತ್ತಿದ್ದರು. ನಾನು ಹೀಗೆ ತಡವಾಗಿ ಕಲಿತ ಪಾಠವೆಂದರೆ, ಪೂರ್ವಕಥೆ ಮೂರು ಸಾಲು ಮೀರಬಾರದು, ಅದರಲ್ಲಿ ಬದುಕಿರುವವರು ಒಬ್ಬರಾದರೂ ಇರಬೇಕು, ಒಂದು ವಿಷಯವಂತೂ ಬರೆದವನಿಗೇ ಗೊತ್ತಿರಬಾರದು. ಅದನ್ನು ಜೊತೆಯವರು ತುಂಬಬೇಕು. ತಾವೇ ತುಂಬಿಕೊಟ್ಟ ಪಾತ್ರವನ್ನು ಯಾರೂ ಬಾವಿಯಲ್ಲಿ ಬಿಟ್ಟು ಹೋಗುವುದಿಲ್ಲ.

ಈ ಜಾಣತನವೇ ಒಂದು ಭಾನುವಾರ ನಮ್ಮ ಮೈ ಜುಮ್ಮೆನ್ನಿಸಿತು.

ಆವತ್ತು ಹೊಸ ಕಥೆ. ನನ್ನ ಪಾತ್ರ ಮುನಿರಾಜ ಎಂಬ ರೇಷ್ಮೆ ಬೆಳೆಗಾರ. “ಇವನಿಗೊಬ್ಬಳು ತಂಗಿ ಇದ್ದಳು. ಮನೆ ಬಿಟ್ಟು ಹೋದಳು. ಅವಳ ಬಗ್ಗೆ ಒಬ್ಬೊಬ್ರು ಒಂದೊಂದು ಹೇಳಿ” ಎಂದೆ.

“ಒಂದ್ಸಲ ವಾಪಸ್ ಬಂದಿದ್ಲು ಸಾರ್” ಎಂದ ವೆಂಕಟೇಶ. “ಹುಳ ನಾಲ್ಕನೇ ಜ್ವರ ಎದ್ದಿದ್ದ ದಿನ.”

ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಸಾವಿರಾರು ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಯಾರನ್ನೋ ಕಾಯುವಂತೆ ನಿಂತಿರುತ್ತವೆ. ನಾಲ್ಕನೆಯ ಜ್ವರ ಎದ್ದವೋ, ಹಸಿವೋ ಹಸಿವು. ಆ ವಾರ ಬೆಳೆಗಾರ ಮನೆ ಬಿಟ್ಟು ಕದಲುವುದಿಲ್ಲ. ಸುಷ್ಮಾಳ ಮನೆಯಲ್ಲೂ ಹಿಂದಿನ ದಿನವಷ್ಟೇ ಎದ್ದಿದ್ದವು. ಹಿತ್ತಲಿನ ಹುಳದ ಮನೆಯಿಂದ ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ವೆಂಕಟೇಶನಿಗೆ ಅದೇ ಬಾಯಿಗೆ ಬಂದಿರಬೇಕು.

ನಸ್ರೀನ್ ಕಣ್ಣು ಮುಚ್ಚಿಕೊಂಡಳು. “ಬಾಗಿಲಲ್ಲಿ ನಿಂತಿದ್ಲು. ಹಸಿರು ಸೀರೆ. ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಂಡಿದ್ಲು. ಹೊರಗಿನವ್ರು ಹುಳದ ಮನೆಗೆ ಬರಂಗಿಲ್ಲ ಅಂತ ಒಳಗಿಂದ ಅವಳ ಅಣ್ಣ ಅಂದ.”

ಹಿಂದೆ ಏನೋ ಬಿದ್ದ ಸದ್ದಾಯಿತು. ಹಿತ್ತಲ ಬಾಗಿಲಲ್ಲಿ ನಾರಾಯಣಪ್ಪನವರು ನಿಂತಿದ್ದರು. ಕಾಲ ಬಳಿ ಸೊಪ್ಪಿನ ಬುಟ್ಟಿ ಮಗುಚಿತ್ತು.

“ಇದನ್ನ ನಿನಗ್ಯಾರಮ್ಮ ಹೇಳಿದ್ರು?”

“ಯಾರೂ ಇಲ್ಲ ಅಂಕಲ್. ಸುಮ್ನೆ ಕಣ್ಮುಂದೆ ಬಂತು” ಎಂದಳು ನಸ್ರೀನ್.

ಅವರು ನೆಲದ ಮೇಲೇ ಕೂತರು. ಅವರಿಗೆ ಒಬ್ಬಳೇ ತಂಗಿ, ರತ್ನ. ತಾನು ಮೆಚ್ಚಿದವನನ್ನು ಮದುವೆಯಾಗಿ ಗೌರಿಬಿದನೂರಿಗೆ ಹೋಗಿದ್ದಳು. ಸುಷ್ಮಾ ಹುಟ್ಟುವ ಮೊದಲು ಒಮ್ಮೆ ಹೀಗೇ ಬಂದು ನಿಂತಿದ್ದಳಂತೆ. ಹೊರಗಿನವರ ಕಾಲಿನಿಂದ ಹುಳಕ್ಕೆ ರೋಗ ಅಂಟುತ್ತದೆಂಬುದು ನಿಜವೇ. ಹಾಗೆಂದು ಕಾಲು ತೊಳೆದು ಬಂದವರನ್ನು ಯಾರೂ ತಡೆಯುವುದಿಲ್ಲ. “ಅವಳೇನು ಹೊರಗಿನವಳಾ? ಆ ಮನೇಲೇ ಸೊಪ್ಪು ಹಾಕ್ಕೊಂಡು ಬೆಳೆದೋಳು. ಕೋಪ ಅವಳ ಮೇಲಿತ್ತು, ನೆಪ ಹುಳದ ಮೇಲೆ ಹಾಕ್ದೆ. ಮನೆ ಗೊತ್ತು, ಬೀದಿ ಗೊತ್ತು. ಹೋಗಕ್ಕೆ ಮುಖ ಇಲ್ಲ” ಎಂದರು. ತನಗೊಬ್ಬಳು ಅತ್ತೆ ಇದ್ದಾಳೆಂಬುದು ಸುಷ್ಮಾಳಿಗೆ ತಿಳಿದದ್ದು ಆಗಲೇ.

ನನಗೆ ಹೆದರಿಕೆಯಾದಾಗ ತರ್ಕ ಜಾಸ್ತಿಯಾಗುತ್ತದೆ. ಈ ಸೀಮೆಯಲ್ಲಿ ಬೀದಿಗೆರಡು ಹುಳದ ಮನೆ, ವಂಶಕ್ಕೊಂದು ಮುನಿಸು. ಮೂವರು ಕೂತು ಕಥೆ ಕಟ್ಟಿದರೆ ಅದು ಯಾರದೋ ಬದುಕಿಗೆ ತಗುಲಲೇಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. “ಸೀರೆ ಹಸಿರೇನಾ?” ಎಂದು ಮೆಲ್ಲಗೆ ಕೇಳಿದೆ. ಅವರು ಹೌದೆಂದು ತಲೆಯಾಡಿಸಿದರು. ತರ್ಕ ಅಲ್ಲಿಗೆ ನಿಂತಿತು.

ಚೆಲ್ಲಿದ ಸೊಪ್ಪನ್ನು ಬುಟ್ಟಿಗೆ ತುಂಬುತ್ತ ಅವರೇ ಕೇಳಿದರು: “ನಿಮ್ಮ ಆಟದಲ್ಲಿ ಆ ಹುಡುಗೀನ ಒಳಗೆ ಬಿಟ್ರಾ?”

ಸುಷ್ಮಾ ನನ್ನ ಕಡೆ ನೋಡಿದಳು. ನಾನು ಮುನಿರಾಜನ ಪಾತ್ರ ಬರೆದಿದ್ದ ಹಾಳೆಯನ್ನು ಅವರ ಮುಂದೆ ಸರಿಸಿದೆ. ಕಥೆ ನಡೆಸುವಾಗಿನ ದನಿಯಲ್ಲೇ ಅವಳು ಹೇಳಿದಳು: “ಅದಿನ್ನೂ ಆಗಿಲ್ಲಪ್ಪ. ಬಾಗಿಲಲ್ಲಿ ನಿಂತವಳೆ. ನೀನೇನ್ ಮಾಡ್ತೀಯ?”

ದಾಳವನ್ನು ಯಾರೂ ಮುಟ್ಟಲಿಲ್ಲ. ನಾರಾಯಣಪ್ಪನವರು ಮುಂಬಾಗಿಲ ಕಡೆ ತಿರುಗಿ, ದೂರದಲ್ಲಿರುವವರನ್ನು ಕೂಗುವಷ್ಟು ಗಟ್ಟಿಯಾಗಿ, “ಕಾಲ್ ತೊಳ್ಕೊಂಡು ಒಳಗ್ ಬಾಮ್ಮ” ಎಂದರು.

ಹೊರಗಡೆ ನಲ್ಲಿಯಲ್ಲಿ ನೀರು ಬಿಟ್ಟ ಸದ್ದು ಕೇಳಿತು. ಒಂದಿಷ್ಟು ಹೊತ್ತು ಸುರಿದು, ಯಾರೋ ತಿರುಗಿಸಿ ನಿಲ್ಲಿಸಿದಂತೆ ನಿಂತಿತು. ಆ ಮನೆಯಲ್ಲಿದ್ದ ಐದೂ ಜನ ಒಳಗೇ ಇದ್ದೆವು. ಎದ್ದು ಹೋಗಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ; ನನಗಂತೂ ಖಂಡಿತ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಸುಷ್ಮಾಳ ಫೋನು. “ಅಪ್ಪ ಮೊದಲ್ನೇ ಬಸ್ಸಿಗೇ ಗೌರಿಬಿದನೂರಿಗೆ ಹೊರಟೋದ್ರು ಸಾರ್. ಹುಳ ಹಸ್ಕೊಂಡವೆ, ನನಗೊಬ್ಬಳಿಗೆ ಆಗಲ್ಲ. ಎಲ್ಲಾರೂ ಬನ್ನಿ.” ಇಂಥ ವಾರದಲ್ಲಿ ಹುಳು ಬಿಟ್ಟು ಹೋದ ಬೆಳೆಗಾರನನ್ನು ನಾನು ಕಂಡಿಲ್ಲ. ಮೂವರೂ ರಜೆ ಹಾಕಿ ಓಡಿದೆವು. ಸೊಪ್ಪನ್ನು ಎಷ್ಟು ಉದುರಿಸಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ನಾವಿನ್ನೂ ಚರ್ಚೆ ಮಾಡುತ್ತಿರುವಾಗಲೇ ಅವಳ ಫೋನು ಮತ್ತೆ ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದಳು.

“ಸಿಕ್ಕಿದ್ಲು ಕಣಮ್ಮ” ಎಂದರು ನಾರಾಯಣಪ್ಪನವರು. ಅಳುತ್ತಿದ್ದರು. “ನಾನು ಹೋಗೋ ಹೊತ್ಗೆ ಊರಿಗೆ ಹೊರಟೋಳಂಗೆ ಸೀರೆ ಉಟ್ಕೊಂಡು ಹೊಸ್ತಿಲ ಮೇಲೆ ಕೂತಿದ್ಲು. ನಿನ್ನೆ ಮಧ್ಯಾಹ್ನ ಯಾರೋ ಕರೆದಂಗಾಯ್ತಂತೆ. ಅವಳ ಕಾಲು ಇನ್ನೂ ಒದ್ದೆಯಾಗೇ ಅವೆ.”

ಅಷ್ಟರಲ್ಲಿ ನಾವ್ಯಾರೂ ಎಂದೂ ಕೇಳಿರದ ಹೆಂಗಸಿನ ದನಿಯೊಂದು ಫೋನಿನೊಳಗಿಂದ ಗದರಿತು:

“ಮಾತೆಲ್ಲ ಆಮೇಲೆ. ಹುಳಕ್ಕೆ ಸೊಪ್ಪು ಹಾಕಿದ್ರಾ ಇಲ್ವಾ?”

ಹಾಕಿರಲಿಲ್ಲ. ನಾಲ್ಕೂ ಜನ ಒಟ್ಟಿಗೇ ಬುಟ್ಟಿಗೆ ಕೈ ಹಾಕಿದೆವು.